ಚುನಾವಣೆಯ ವಾರ್ತೆಯೂ ಪಕ್ಷಪಾತದ ಪರೀಕ್ಷೆಯೂ

1. ವಿಷಯದ ಸ್ವರೂಪ

'ಪಕ್ಷಪಾತ'ವೆಂಬ ಮಾತಿನಲ್ಲಿ 'ಪಕ್ಷ'ವೆಂದರೆ ಬದಿ, 'ಪಾತ'ವೆಂದರೆ ಬೀಳುವುದು. ಒಂದು ಬದಿಗೆ ವಾಲಿ ಬೀಳುವುದೇ ಪಕ್ಷಪಾತವು. ರಾಜಕೀಯ ಬಣಗಳಿಗೂ 'ಪಕ್ಷ'ವೆಂಬ ಹೆಸರೇ ರೂಢವಾದ ಮೇಲೆ ಈ ಮಾತಿಗೆ ಇನ್ನೊಂದು ಅರ್ಥಚ್ಛಾಯೆ ತಾನಾಗಿಯೇ ಕೂಡಿಕೊಂಡಿತು. ಚುನಾವಣೆಯ ಕಾಲ ಬಂದಿತೆಂದರೆ ವರ್ತಮಾನಪತ್ರಿಕೆಗಳ ಮೇಲೆ ಎಲ್ಲ ಕಡೆಯವರೂ ಒಂದೇ ದೂರನ್ನು ಹೊರಿಸುವುದುಂಟು: ತಮ್ಮ ಉಮೇದುವಾರನ ಸಣ್ಣ ತಪ್ಪು ದೊಡ್ಡದಾಗಿ ಅಚ್ಚಾಯಿತು, ಎದುರಾಳಿಯ ದೊಡ್ಡ ತಪ್ಪು ಮುಚ್ಚಿಹೋಯಿತು, ಪತ್ರಿಕೆಯು ಇಬ್ಬರಿಗೆ ಎರಡು ತಕ್ಕಡಿ ಹಿಡಿಯಿತು ಎಂದು. ದೂರು ಎಷ್ಟು ಸಾಮಾನ್ಯವೋ ಅದರ ಪರೀಕ್ಷೆ ಅಷ್ಟೇ ವಿರಳವಾಗಿದೆ.

ಇಂತಹ ದೂರು ಯಾವಾಗ ನಿಜ, ಯಾವಾಗ ಬರಿಯ ಅನಿಸಿಕೆ, ಎರಡನ್ನೂ ಬೇರ್ಪಡಿಸುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ. ಈ ನಿರ್ಣಯವನ್ನು ಕಾಯಿದೆಗೇ ಬಿಟ್ಟರೆ ಸಾಲದು. ಅದಕ್ಕೆ ಬೇಕಾದ ಸಾಧನಗಳಲ್ಲಿ ಬಹುಭಾಗ ವ್ಯಾಕರಣ, ಅರ್ಥವಿಚಾರ, ಪಾಠಸಂಶೋಧನೆಗಳಿಗೆ ಸೇರಿದವು; ಎಂದರೆ ಸಾಹಿತ್ಯದ ಉಪಾಧ್ಯಾಯರ ಕೈಯಲ್ಲಿ ಈಗಾಗಲೇ ಇರುವಂಥವು.

ಮೊದಲು ಲಕ್ಷಣವನ್ನು ಹೇಳಬೇಕು. ಇಬ್ಬಗೆಯ ಅಳತೆಯೆಂಬ ದೋಷವನ್ನು ಆರೋಪಿಸುವುದಕ್ಕೆ ಮೂರು ಸಂಗತಿಗಳು ಕೂಡಿರಬೇಕು. ಇಬ್ಬರು ಉಮೇದುವಾರರ ಕೃತ್ಯ ಒಂದೇ ಜಾತಿಯದಾಗಿರಬೇಕು. ಸನ್ನಿವೇಶವು ಹೆಚ್ಚುಕಡಿಮೆ ಸಮಾನವಾಗಿರಬೇಕು. ವರದಿಯಲ್ಲಿ ಕಾಣುವ ಭೇದಕ್ಕೆ ತಕ್ಕ ಬೇರೊಂದು ಕಾರಣ ಇರಬಾರದು. ಮುಖ್ಯಮಂತ್ರಿಯ ಭಾಷಣಕ್ಕೆ ಮೊದಲ ಪುಟವೂ ಹೊಸದಾಗಿ ನಿಂತವನ ಭಾಷಣಕ್ಕೆ ಒಳಪುಟವೂ ದೊರೆತರೆ ಅದಿಷ್ಟರಿಂದಲೇ ಪಕ್ಷಪಾತವೆನ್ನಲಾಗದು. ಅಧಿಕಾರದಲ್ಲಿರುವವನ ಮಾತಿನಿಂದ ಜನರಿಗೆ ಆಗುವ ಲಾಭನಷ್ಟ ಹೆಚ್ಚಿನದು. ಆದರೆ ಇಬ್ಬರೂ ಸಭೆಗೆ ಹೊತ್ತು ಮೀರಿ ಬಂದಾಗ ಒಬ್ಬನಿಗೆ 'ಜನ ಕಾದು ಕುಳಿತರು' ಎಂದೂ ಇನ್ನೊಬ್ಬನಿಗೆ 'ಜನ ಬೇಸತ್ತರು' ಎಂದೂ ಬರೆದರೆ, ಅಲ್ಲಿ ಮೂರು ಸಂಗತಿಗಳೂ ಕೂಡಿದಂತಾಯಿತು.

2. ಮೂರು ಭಾಷೆಗಳ ಸೀಮೆ

ಈ ವಿಚಾರಕ್ಕೆ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂತಹ ಊರು ಒಳ್ಳೆಯ ನೆಲೆಯಾಗಿದೆ. ಹಳೆಯ ಕೋಟೆಯುಳ್ಳ ಈ ಗ್ರಾಮವಿರುವ ಸೀಮೆಗೆ ಮಹಾರಾಷ್ಟ್ರದ ಎಲ್ಲೆ ಸಮೀಪದ್ದು. ಭಾಲ್ಕಿ ತಾಲ್ಲೂಕಿನ ಆಚೆಗೆ ಲಾತೂರು ಜಿಲ್ಲೆ. ಔರಾದು ತಾಲ್ಲೂಕಿನ ಆಚೆಗೆ ಲಾತೂರು, ನಾಂದೇಡು ಜಿಲ್ಲೆಗಳು. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವೆಲ್ಲ ನಿಜಾಮರ ಆಳಿಕೆಗೆ ಒಳಪಟ್ಟಿತ್ತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವು ವಿಭಾಗವಾದಾಗ ಅಂದಿನ ಬೀದರ ಜಿಲ್ಲೆಯೂ ಒಡೆಯಿತು: ಉದಗೀರ, ಅಹಮದಪುರ, ನಿಲಂಗಾ ಸೀಮೆಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡ ಸೀಮೆಗಳು ಆಂಧ್ರಪ್ರದೇಶಕ್ಕೂ ಹೋದವು, ಬೀದರ, ಭಾಲ್ಕಿ, ಔರಾದು, ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದವು. ಆಡಳಿತದ ಗೆರೆ ಬದಲಾದರೂ ನೆಂಟಸ್ತನ, ವ್ಯಾಪಾರ, ಭಾಷೆಗಳ ಸಂಬಂಧ ಕಡಿಯಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಈ ಸೀಮೆಯ ಸಂತೆಯಲ್ಲಿ ನಡೆಯುವ ಭಾಷೆಗಳೇ. ಇವುಗಳಲ್ಲಿ ಎರಡನ್ನು ಓದಬಲ್ಲವರು ಇಲ್ಲಿ ವಿರಳರಲ್ಲ. ಆದ್ದರಿಂದ ಒಂದೇ ಸಭೆಯ ವೃತ್ತಾಂತವನ್ನು ಎರಡು ಭಾಷೆಗಳ ಪತ್ರಿಕೆಗಳಲ್ಲಿ ಓದಿ ಹೋಲಿಸುವ ಅನುಕೂಲ, ಒಂದೇ ಭಾಷೆಯ ಸೀಮೆಯವರಿಗಿಂತ ಇಲ್ಲಿಯವರಿಗೆ ಹೆಚ್ಚಾಗಿದೆ.

ಪತ್ರಿಕೆಗೂ ಅಧಿಕಾರಕ್ಕೂ ಇರುವ ಸಂಬಂಧವೆಷ್ಟು ತೊಡಕಿನದೆಂಬುದು ಈ ಸೀಮೆಯ ಚರಿತ್ರೆಗೆ ಹೊಸದಲ್ಲ. ಹೈದರಾಬಾದು ಸಂಸ್ಥಾನವು ಭಾರತದೊಡನೆ ಕೂಡಬೇಕೆಂದು ಬರೆದ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟ್ ತಿಂಗಳಲ್ಲಿ ಹೈದರಾಬಾದು ನಗರದಲ್ಲಿ ಕೊಲೆಯಾದರು. ಆ ಕಾಲದಲ್ಲಿ ಪತ್ರಿಕೆಯನ್ನು ಒಂದು ಬದಿಗೆ ಬಾಗಿಸುತ್ತಿದ್ದುದು ಮುಖ್ಯವಾಗಿ ಭಯ. 1951-52ರ ಪ್ರಥಮ ಮಹಾಚುನಾವಣೆಯಿಂದ ಈಚೆಗೆ ಭಯದ ಜೊತೆಗೆ ಬೇರೆ ಮೂರು ಶಕ್ತಿಗಳು ಕೆಲಸ ಮಾಡತೊಡಗಿದವು: ಸಂಪಾದಕನ ಅಥವಾ ಒಡೆಯನ ಮತ, ಓದುಗರ ಭಾಷೆ, ಜಾತಿ, ಧರ್ಮಗಳ ಮೇಲಣ ಅಭಿಮಾನ, ಮತ್ತು ಹಣ. ಮೊದಲನೆಯದು ಸಂಪಾದಕೀಯದಲ್ಲಿ ಬಹಿರಂಗವಾಗಿ ಬಂದರೆ ದೋಷವಲ್ಲ. ಎರಡನೆಯದನ್ನು ಓದುಗನು ಬಲ್ಲನು. ಮೂರನೆಯದು ಮಾತ್ರ ವಾರ್ತೆಯ ವೇಷದಲ್ಲಿಯೇ ಬರುವುದರಿಂದ ಕಂಡುಹಿಡಿಯುವುದು ಕಷ್ಟ.

3. ಅನಿಸಿಕೆ ಪ್ರಮಾಣವಲ್ಲ

ಪಕ್ಷಪಾತ ತೋರಿತೆಂದ ಮಾತ್ರಕ್ಕೆ ಅದು ಇದ್ದೇ ಇರಬೇಕೆಂದಿಲ್ಲ. ಈ ವಿಷಯದಲ್ಲಿ 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ವ್ಯಾಲೋನ್, ರಾಸ್, ಲೆಪರ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾಗಿದೆ. 1982ರಲ್ಲಿ ಬೇರೂತಿನಲ್ಲಿ ನಡೆದ ಹತ್ಯಾಕಾಂಡವನ್ನು ಕುರಿತ ದೂರದರ್ಶನದ ವಾರ್ತೆಗಳನ್ನು ಇಸ್ರೇಲಿನ ಪರವಾದವರಿಗೂ ಅರಬರ ಪರವಾದವರಿಗೂ ತೋರಿಸಲಾಯಿತು. ನೋಡಿದ ವಾರ್ತೆ ಒಂದೇ. ಆದರೂ ಅದು ತಮ್ಮ ಕಡೆಗೆ ವಿರೋಧವಾಗಿದೆಯೆಂದು ಎರಡು ಗುಂಪಿನವರೂ ಹೇಳಿದರು. ಒಂದೇ ವರದಿಯು ಏಕಕಾಲದಲ್ಲಿ ಎರಡು ಎದುರು ಬದಿಗಳಿಗೆ ವಾಲಿರುವುದು ಅಸಂಭವ. ಆದುದರಿಂದ ಆ ಅನಿಸಿಕೆಯಲ್ಲಿ ಒಂದು ಪಾಲು ನೋಡುವವನ ಅಭಿಮಾನದಿಂದ ಹುಟ್ಟಿದ್ದೆಂದು ಒಪ್ಪಬೇಕಾಗುತ್ತದೆ.

ಇದರಿಂದ ಎಲ್ಲ ದೂರುಗಳೂ ಸುಳ್ಳೆಂದು ತೀರ್ಮಾನಿಸುವುದೂ ತಪ್ಪು. ಎರಡು ಕಡೆಯವರೂ ಬೈಯುವುದರಿಂದ ತಾನು ನಡುವೆ ಇದ್ದೇನೆಂದು ಪತ್ರಿಕೆಯು ಹೇಳಿಕೊಂಡರೆ ಅದೂ ನಿಲ್ಲುವ ವಾದವಲ್ಲ. ನ್ಯಾಯವಾಗಿ ಬರೆದವನೂ ಇಬ್ಬರಿಂದ ಬೈಸಿಕೊಳ್ಳಬಹುದು. ಅನ್ಯಾಯವಾಗಿ ಬರೆದವನೂ ಬೈಸಿಕೊಳ್ಳಬಹುದು. ಆದ್ದರಿಂದ ಓದುಗನ ಕೋಪವನ್ನೂ ಪತ್ರಿಕೆಯ ಸಮಾಧಾನವನ್ನೂ ಬದಿಗಿಟ್ಟು, ಅಚ್ಚಾದ ಬರಹವನ್ನೇ ನೋಡಬೇಕು.

4. ಭಾಷೆಯಲ್ಲಿ ಪಕ್ಷಪಾತದ ನೆಲೆಗಳು

ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ವ್ಯಾಪಾರಗಳನ್ನು ಹೇಳುತ್ತಾರೆ. ಚುನಾವಣಾ ವಾರ್ತೆಯ ವಾಚ್ಯಾರ್ಥವು ಬಹುಮಟ್ಟಿಗೆ ನಿಜವಾಗಿಯೇ ಇರುತ್ತದೆ. ಪಕ್ಷಪಾತವು ವ್ಯಂಗ್ಯಾರ್ಥದಲ್ಲಿ ನೆಲಸುತ್ತದೆ. ಕನ್ನಡದಲ್ಲಿ ಅದಕ್ಕೆ ಮುಖ್ಯವಾದ ನೆಲೆಗಳು ಇವು. ಮುಂದಿನ ವಾಕ್ಯಗಳು ಯಾವ ಪತ್ರಿಕೆಯಿಂದಲೂ ತೆಗೆದವುಗಳಲ್ಲ, ವಿವರಣೆಗಾಗಿ ಕಟ್ಟಿದವು.

ಮೊದಲನೆಯದು ಕ್ರಿಯಾಪದ. ಉಮೇದುವಾರನ ಮಾತನ್ನು 'ಹೇಳಿದರು' ಎಂದು ಬರೆದರೆ ಬರೆದವನು ಹೊರಗೆ ನಿಂತಂತೆ. 'ಸ್ಪಷ್ಟಪಡಿಸಿದರು' ಎಂದರೆ ಹೇಳಿದ್ದು ನಿಜವೆಂದು ಒಪ್ಪಿದಂತಾಯಿತು. 'ಹೇಳಿಕೊಂಡರು' ಎಂದರೆ ಸಂಶಯ ಸೂಚಿತವಾಯಿತು. 'ಕೊಳ್' ಎಂಬ ಸಹಾಯಕ್ರಿಯೆಯೊಂದೇ ಆ ಕೆಲಸ ಮಾಡುತ್ತದೆ. 'ಒಪ್ಪಿಕೊಂಡರು' ಎಂದರೆ ತಪ್ಪು ಮೊದಲೇ ಸಿದ್ಧವಾದಂತೆ. 'ಗುಡುಗಿದರು' ಎಂಬುದು ಶೌರ್ಯಕ್ಕೂ 'ಕಿರುಚಿದರು' ಎಂಬುದು ಹೀನತೆಗೂ ಸಲ್ಲುತ್ತದೆ. ಎರಡರ ವಾಚ್ಯವೂ ಗಟ್ಟಿಯಾಗಿ ಮಾತನಾಡಿದ್ದೇ.

ಎರಡನೆಯದು ಪ್ರಯೋಗ. 'ಇಂಥವರು ಹಣ ಹಂಚಿದರು' ಎಂಬಲ್ಲಿ ಕರ್ತೃವಿದ್ದಾನೆ. 'ಹಣ ಹಂಚಲಾಯಿತೆನ್ನಲಾಗಿದೆ' ಎಂಬಲ್ಲಿ ಹಂಚಿದವನೂ ಇಲ್ಲ, ಹೇಳಿದವನೂ ಇಲ್ಲ. ಆಧಾರ ಸಾಲದಿದ್ದಾಗ ಎರಡನೆಯ ಬಗೆಯನ್ನು ಹಿಡಿಯುವುದು ವಿವೇಕವೇ. ಆದರೆ ಅಷ್ಟೇ ಆಧಾರವಿರುವ ಎರಡು ಸಂಗತಿಗಳಲ್ಲಿ ಒಬ್ಬನಿಗೆ ಕರ್ತರಿಯನ್ನೂ ಇನ್ನೊಬ್ಬನಿಗೆ ಕರ್ಮಣಿಯನ್ನೂ ಬಳಸುವುದು ಇಬ್ಬಗೆಯ ಅಳತೆ.

ಮೂರನೆಯದು ಅವ್ಯಯಗಳು. 'ಉಮೇದುವಾರರು ಭಾತಂಬ್ರಾಕ್ಕೆ ಬಂದರು' ಎಂಬುದು ವಾರ್ತೆ. 'ಉಮೇದುವಾರರು ಕೊನೆಗೂ ಭಾತಂಬ್ರಾಕ್ಕೆ ಬಂದರು' ಎಂಬುದರಲ್ಲಿ ದೂರೊಂದು ಅಡಗಿದೆ. 'ಗೆದ್ದರೆ ಕೆರೆಯ ಹೂಳು ತೆಗೆಸುವರು' ಎಂಬುದಕ್ಕೂ 'ತೆಗೆಸುವರಂತೆ' ಎಂಬುದಕ್ಕೂ ಇರುವ ಅಂತರವನ್ನು ಮಕ್ಕಳೂ ಬಲ್ಲರು.

ನಾಲ್ಕನೆಯದು ಹೆಸರು ಮತ್ತು ವಿಶೇಷಣ. ಭಾಲ್ಕಿ ವಿಧಾನಸಭಾ ಕ್ಷೇತ್ರದಲ್ಲಿ 2008ರಲ್ಲಿಯೂ 2023ರಲ್ಲಿಯೂ ಮುಖ್ಯ ಸ್ಪರ್ಧಿಗಳಾಗಿದ್ದ ಈಶ್ವರ ಖಂಡ್ರೆ, ಪ್ರಕಾಶ ಖಂಡ್ರೆ ಇಬ್ಬರಿಗೂ ಮನೆತನದ ಹೆಸರು ಒಂದೇ. ಇಂತಹ ಕ್ಷೇತ್ರದಲ್ಲಿ ತಲೆಬರಹ ಬರೆಯುವವನಿಗೆ ಒಂದು ಸಹಜವಾದ ಪರೀಕ್ಷೆ ಒದಗುತ್ತದೆ. 'ಖಂಡ್ರೆ' ಎಂದಷ್ಟೇ ಬರೆದರೆ ಯಾರೆಂದು ತಿಳಿಯಬೇಕು? ಯಾರನ್ನು ಬರಿಯ ಮನೆತನದ ಹೆಸರಿನಿಂದ ಕರೆದರೂ ಆ ಮನೆತನದ ಗೌರವವೆಲ್ಲ ಅವರಿಗೇ ಸಲ್ಲುವಂತಾಗುತ್ತದೆ. ಇಬ್ಬರನ್ನೂ ಪೂರ್ಣ ಹೆಸರಿನಿಂದ ಕರೆಯುವುದೇ ಸಮತೆ. ಔರಾದು ಕ್ಷೇತ್ರವು ಪರಿಶಿಷ್ಟ ಜಾತಿಗಳಿಗೆ ಮೀಸಲಾದುದು. ಅಲ್ಲಿ ನಿಲ್ಲುವವರೆಲ್ಲರೂ ಆ ಜಾತಿಗಳವರೇ. ಅವರಲ್ಲಿ ಒಬ್ಬನನ್ನು ವಿದ್ಯೆ, ವೃತ್ತಿ, ಸೇವೆಗಳಿಂದಲೂ ಇನ್ನೊಬ್ಬನನ್ನು ಜಾತಿಯಿಂದ ಮಾತ್ರವೂ ಪರಿಚಯ ಮಾಡಿಸಿದರೆ ದೋಷ ಅಲ್ಲಿಯೇ ಕಾಣುತ್ತದೆ. ಹೆಂಗಸು ನಿಂತಾಗ 'ಇಂಥವರ ಸೊಸೆ', 'ಇಂಥವರ ಪತ್ನಿ' ಎನ್ನುವುದೂ, ಗಂಡಸು ನಿಂತಾಗ ಆ ಸಂಬಂಧಗಳನ್ನು ಹೇಳದಿರುವುದೂ ಇದೇ ಜಾತಿಯ ದೋಷ.

ಐದನೆಯದು ಮೌನ. ಮೇಲಿನ ನಾಲ್ಕಕ್ಕೂ ಅಚ್ಚಾದ ಅಕ್ಷರ ಸಾಕ್ಷಿಯಾಗಿರುತ್ತದೆ. ಒಬ್ಬನ ಸಭೆಯ ವಿಚಾರ ಒಂದು ಸಾಲೂ ಬಾರದಿದ್ದರೆ ಅದಕ್ಕೆ ಸಾಕ್ಷಿ ಯಾವುದು? ಓದುಗನು ಅಚ್ಚಾಗದ್ದನ್ನು ಓದಲಾರನು. ಇರುವ ಪಕ್ಷಪಾತಗಳಲ್ಲೆಲ್ಲ ಕೆಟ್ಟದು ಇದೇ.

ಮೊದಲ ನಾಲ್ಕು ನೆಲೆಗಳಿಗೆ ಸುಲಭವಾದ ಪರೀಕ್ಷೆಯೊಂದುಂಟು; ಅದನ್ನು ವ್ಯತ್ಯಯ ಪರೀಕ್ಷೆ ಎನ್ನಬಹುದು. ವರದಿಯಲ್ಲಿರುವ ಇಬ್ಬರ ಹೆಸರುಗಳನ್ನು ಅದಲುಬದಲು ಮಾಡಿ ಮತ್ತೆ ಓದಬೇಕು. ಆಗಲೂ ವಾಕ್ಯಗಳು ಅದೇ ಪತ್ರಿಕೆಯಲ್ಲಿ ಬರಬಹುದಾದವೆಂದು ತೋರಿದರೆ ಸಮತೆಯಿದೆ. ಈ ಪತ್ರಿಕೆ ಹೀಗೆ ಎಂದೂ ಬರೆಯದೆಂದು ತೋರಿದರೆ ಶಂಕೆಗೆ ಕಾರಣವುಂಟು. ಒಂದು ದಿನದ ಒಂದು ವಾರ್ತೆಯಿಂದ ತೀರ್ಮಾನಕ್ಕೆ ಬರಬಾರದು. ನಾಮಪತ್ರದ ದಿನದಿಂದ ಮತದಾನದವರೆಗಿನ ಸಂಚಿಕೆಗಳನ್ನು ಸಾಲಾಗಿ ನೋಡಬೇಕು. ಭಾಷಾಂತರವಾದ ವಾರ್ತೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಮರಾಠಿಯ 'ಮ್ಹಣಾಲೇ' ಎಂಬ ಗೌರವದ ರೂಪವು ಕನ್ನಡಕ್ಕೆ ಬರುವಾಗ 'ಹೇಳಿದರು' ಎಂದಾಗುವುದೂ 'ಸಮರ್ಥಿಸಿಕೊಂಡರು' ಎಂದಾಗುವುದೂ ಭಾಷಾಂತರಕಾರನ ಕೈಯಲ್ಲಿದೆ.

5. ನಾಂದೇಡಿನ ಪ್ರಕರಣ

ಔರಾದಿಗೆ ನೆರೆಯದಾದ ನಾಂದೇಡು ಜಿಲ್ಲೆಯಲ್ಲಿ ನಡೆದ ಒಂದು ಪ್ರಕರಣವು ಈ ವಿಷಯದ ಚರ್ಚೆಯಲ್ಲೆಲ್ಲ ಉದಾಹೃತವಾಗುತ್ತದೆ. 2009ರ ಅಕ್ಟೋಬರ್ 13ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನವಾಯಿತು. ಅಂದಿನ ಮುಖ್ಯಮಂತ್ರಿ ಅಶೋಕ ಚವ್ಹಾಣರು ಆ ಜಿಲ್ಲೆಯ ಭೋಕರ ಕ್ಷೇತ್ರದಿಂದ ಗೆದ್ದರು. ಅದೇ ವರ್ಷ ನವೆಂಬರ್ ಕೊನೆಯಲ್ಲಿ 'ದಿ ಹಿಂದೂ' ಪತ್ರಿಕೆಯಲ್ಲಿ ಪಿ. ಸಾಯಿನಾಥರು ಬರೆದ ಲೇಖನವು ಒಂದು ವಿಚಿತ್ರವನ್ನು ಹೊರಗೆಡಹಿತು. ಮತದಾನಕ್ಕೆ ಮುನ್ನಿನ ದಿನಗಳಲ್ಲಿ 'ಲೋಕಮತ', 'ಪುಢಾರಿ', 'ಮಹಾರಾಷ್ಟ್ರ ಟೈಮ್ಸ್' ಎಂಬ, ಒಂದಕ್ಕೊಂದು ಸ್ಪರ್ಧಿಗಳಾದ ಮರಾಠಿ ಪತ್ರಿಕೆಗಳಲ್ಲಿ ಮುಖ್ಯಮಂತ್ರಿಯನ್ನು ಕೊಂಡಾಡುವ ಒಂದೇ ಬರಹವು ಮಾತಿಗೆ ಮಾತು ಸರಿಯಾಗಿ ಅಚ್ಚಾಗಿತ್ತೆಂದು ಅವರು ತೋರಿಸಿದರು. ಅದು ಎಲ್ಲಿಯೂ ಜಾಹೀರಾತೆಂದು ಗುರುತಾಗಿರಲಿಲ್ಲ. 'ಅಶೋಕಪರ್ವ'ವೆಂಬ ಹೆಸರಿನ ಪೂರ್ಣಪುಟಗಳೂ ಹಲವು ಬಂದಿದ್ದವು. ಉಮೇದುವಾರರು ಚುನಾವಣಾ ಆಯೋಗಕ್ಕೆ ಒಪ್ಪಿಸಿದ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತುಗಳಿಗೆ ಕಾಣಿಸಿದ್ದ ವೆಚ್ಚ 5,379 ರೂಪಾಯಿಗಳು ಮಾತ್ರ. ಹಣ ಕೊಟ್ಟು ವಾರ್ತೆ ಬರೆಸಿದರೆಂಬ ಆರೋಪವನ್ನು ಚವ್ಹಾಣರು ನಿರಾಕರಿಸಿದರು.

ಇಲ್ಲಿ ಪತ್ತೆಯ ಕೀಲಿಯಾದುದು ಗುಪ್ತ ಸಾಕ್ಷಿಯೂ ಅಲ್ಲ, ಹಣದ ರಶೀದಿಯೂ ಅಲ್ಲ. ಮೂರು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದು. ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ಕ್ರಮ ಹಳೆಯದು. ಎರಡು ಪ್ರತಿಗಳು ಶುದ್ಧಪಾಠದಲ್ಲಿ ಒಪ್ಪಿದರೆ ಅವುಗಳ ಸಂಬಂಧವೇನೂ ಸಿದ್ಧವಾಗದು. ಬೇರೆ ಯಾರಿಗೂ ಸಹಜವಾಗಿ ಹೊಳೆಯದ ಪಾಠದಲ್ಲಿ, ಅಥವಾ ಒಂದೇ ತಪ್ಪಿನಲ್ಲಿ ಒಪ್ಪಿದರೆ, ಎರಡಕ್ಕೂ ಒಂದು ಮಾತೃಕೆ ಇದ್ದಿತೆಂದು ಹೇಳಬಹುದು. ಹಾಗೆಯೇ ಮೂವರು ಬಾತ್ಮೀದಾರರು ಒಂದು ಸಭೆಗೆ ಹೋಗಿ ಒಂದೇ ಸಂಗತಿಯನ್ನು ಬರೆಯುವುದು ಸಹಜ. ಒಂದೇ ವಿಶೇಷಣಗಳನ್ನು ಒಂದೇ ಕ್ರಮದಲ್ಲಿ ಬರೆಯುವುದು ಅಸಹಜ.

ಆದರೆ ಈ ಕ್ರಮದಿಂದ ಎಷ್ಟು ಸಿದ್ಧವಾಗುತ್ತದೆಂಬುದರಲ್ಲಿ ಭ್ರಾಂತಿ ಕೂಡದು. ಸಮಾನ ಪಾಠವು ಸಮಾನ ಮೂಲವನ್ನು ತೋರಿಸುತ್ತದೆ; ಆ ಮೂಲವು ಸುದ್ದಿಸಂಸ್ಥೆಯ ವರದಿಯೋ, ಪಕ್ಷದ ಕಚೇರಿ ಹಂಚಿದ ಹೇಳಿಕೆಯೋ, ಹಣ ಕೊಟ್ಟು ಬರೆಸಿದ ಲೇಖನವೋ ಎಂಬುದನ್ನು ತೋರಿಸದು. ಸುದ್ದಿಸಂಸ್ಥೆಯದಾದರೆ ಆ ಹೆಸರು ಅಚ್ಚಾಗಿರಬೇಕು. ಮೂಲವನ್ನು ಮರೆಮಾಡಿ ತನ್ನ ಬಾತ್ಮೀದಾರನ ಬರಹವೆಂಬಂತೆ ತೋರಿಸಿದ್ದೇ ಓದುಗನಿಗೆ ಆದ ವಂಚನೆ. ಹಣ ಕೈಬದಲಾಯಿಸಿತೋ ಇಲ್ಲವೋ, ಈ ವಂಚನೆ ಅಕ್ಷರಗಳಿಂದಲೇ ಸಿದ್ಧವಾಗುತ್ತದೆ.

6. ಕಾಯಿದೆಯ ಹಾದಿ ಮತ್ತು ಎಲ್ಲೆ

ಕಾಯಿದೆಯು ಅಕ್ಷರಕ್ಕಿಂತ ಹಣವನ್ನು ನೋಡುತ್ತದೆ. 1951ರ ಜನಪ್ರಾತಿನಿಧ್ಯ ಕಾಯಿದೆಯ 77ನೆಯ ಕಲಮಿನಂತೆ ಉಮೇದುವಾರನು ತಾನಾಗಲಿ ತನ್ನ ಚುನಾವಣಾ ಏಜೆಂಟನಾಗಲಿ ಮಾಡಿದ ಅಥವಾ ಮಾಡಲು ಅಧಿಕಾರ ಕೊಟ್ಟ ವೆಚ್ಚದ ಲೆಕ್ಕವನ್ನು ಇಡಬೇಕು. ಲೆಕ್ಕವನ್ನು ಹೊತ್ತಿಗೆ ಸರಿಯಾಗಿ, ವಿಧಿಸಿದ ಕ್ರಮದಲ್ಲಿ ಒಪ್ಪಿಸದಿದ್ದರೆ 10-ಎ ಕಲಮಿನಂತೆ ಆಯೋಗವು ಅವನನ್ನು ಮೂರು ವರ್ಷ ಅನರ್ಹಗೊಳಿಸಬಹುದು. 2007ರ ಚುನಾವಣೆಯಲ್ಲಿ ಉತ್ತರಪ್ರದೇಶದ ಬಿಸೌಲಿ ಕ್ಷೇತ್ರದಿಂದ ಗೆದ್ದಿದ್ದ ಉಮಲೇಶ ಯಾದವರು ವಾರ್ತೆಯ ರೂಪದ ಜಾಹೀರಾತಿನ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು 2011ರ ಅಕ್ಟೋಬರಿನಲ್ಲಿ ಈ ಕಲಮಿನ ಮೇರೆಗೆ ಅನರ್ಹರಾದರು.

ನಾಂದೇಡಿನ ಪ್ರಕರಣದಲ್ಲಿ ಸೋತ ಉಮೇದುವಾರರಾದ ಮಾಧವರಾವ ಕಿನ್ಹಾಳಕರರು ಆಯೋಗಕ್ಕೆ ದೂರಿತ್ತರು. ಲೆಕ್ಕವನ್ನು ಒಪ್ಪಿಸಿದ್ದಾರೆಯೇ ಎಂದಷ್ಟೇ ನೋಡುವ ಅಧಿಕಾರ ಆಯೋಗಕ್ಕೆ ಇದೆಯೋ, ಲೆಕ್ಕವು ನಿಜವೇ ಎಂದು ವಿಚಾರಿಸುವ ಅಧಿಕಾರವೂ ಇದೆಯೋ ಎಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2014ರ ಮೇ 5ರಂದು ಆ ನ್ಯಾಯಾಲಯವು ಎರಡನೆಯ ಅಧಿಕಾರವೂ ಇದೆಯೆಂದು ತೀರ್ಪಿತ್ತಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಆಯೋಗವು ಲೆಕ್ಕವು ವಿಧಿಸಿದ ಕ್ರಮದಲ್ಲಿಲ್ಲವೆಂದು ಹೇಳಿ ಕಾರಣ ಕೇಳುವ ನೋಟೀಸು ಕೊಟ್ಟಿತು. ಸೆಪ್ಟೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆಯೋಗದ ಆ ಆದೇಶವನ್ನು ರದ್ದುಮಾಡಿತು. ಐದು ವರ್ಷಗಳ ವಿಚಾರಣೆಯಿಂದ ಆಯೋಗದ ಅಧಿಕಾರ ಸ್ಪಷ್ಟವಾಯಿತು, ಅನರ್ಹತೆ ಆಗಲಿಲ್ಲ.

ಪತ್ರಿಕಾ ಮಂಡಳಿಯೂ ಈ ವಿಷಯವನ್ನು ಕೈಗೆತ್ತಿಕೊಂಡಿತ್ತು. ಅದರ ಉಪಸಮಿತಿಯ ಸದಸ್ಯರಾದ ಪರಂಜಯ ಗುಹಾ ಠಾಕುರ್ತಾ, ಕೆ. ಶ್ರೀನಿವಾಸ ರೆಡ್ಡಿ ಇವರು ಸಿದ್ಧಪಡಿಸಿದ ವಿಸ್ತಾರವಾದ ವರದಿಯಲ್ಲಿ ಪತ್ರಿಕೆಗಳ ಹೆಸರುಗಳೂ ಇದ್ದವು. 2010ರ ಜುಲೈ ತಿಂಗಳಲ್ಲಿ ಮಂಡಳಿಯು ಅದನ್ನು ಬಿಟ್ಟು ಸಂಕ್ಷೇಪವಾದ ಇನ್ನೊಂದು ವರದಿಯನ್ನು ಅಂಗೀಕರಿಸಿತು. ಪೂರ್ಣ ವರದಿ ಹೊರಬಂದದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆದೇಶದಿಂದ. ಪರರ ಮರೆಮಾಚುವಿಕೆಯನ್ನು ವಿಚಾರಿಸಬೇಕಾದ ಸಂಸ್ಥೆಯು ತನ್ನವರ ವಿಷಯ ಬಂದಾಗ ಹೆಸರುಗಳನ್ನು ಹಿಡಿದಿಟ್ಟಿತು. ಇಬ್ಬಗೆಯ ಅಳತೆಗೆ ಇದೂ ಒಂದು ಉದಾಹರಣೆಯೇ. 1978ರ ಕಾಯಿದೆಯಂತೆ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವುಂಟು. ದಂಡ ವಿಧಿಸುವ ಅಧಿಕಾರವಿಲ್ಲ. ಚುನಾವಣಾ ಆಯೋಗವು ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಮತ್ತು ಪರಿವೀಕ್ಷಣಾ ಸಮಿತಿಯನ್ನು ಏರ್ಪಡಿಸಿದ ಮೇಲೆ, ಶಂಕಿತ ವಾರ್ತೆಯನ್ನು ಜಾಹೀರಾತಿನ ದರದಲ್ಲಿ ಅಳೆದು ಉಮೇದುವಾರನ ಲೆಕ್ಕಕ್ಕೆ ಸೇರಿಸುವ ಕ್ರಮವೂ ಬಂದಿತು. ಹಣ ಕೊಟ್ಟು ವಾರ್ತೆ ಬರೆಸುವುದನ್ನೇ ಚುನಾವಣಾ ಅಪರಾಧವೆಂದು ಮಾಡಬೇಕೆಂದು ಕಾನೂನು ಆಯೋಗವು 2015ರ ಮಾರ್ಚ್ ತಿಂಗಳ ತನ್ನ 255ನೆಯ ವರದಿಯಲ್ಲಿ ಸೂಚಿಸಿತು.

ಈ ಏರ್ಪಾಟುಗಳೆಲ್ಲ ಹೆಚ್ಚಾಗಿ ಅಚ್ಚಾದ ಹೊಗಳಿಕೆಯನ್ನು ಹಿಡಿಯುವಂಥವು. ಹಣವಿಲ್ಲದವನ ಹೆಸರು ಅಚ್ಚಾಗದೆಹೋದ ನಷ್ಟವನ್ನು ಯಾವ ಜಾಹೀರಾತಿನ ದರದಿಂದಲೂ ಅಳೆಯಲಾಗದು. ವಾರ್ತೆ ಮಾರಾಟಕ್ಕಿಟ್ಟ ಕಡೆ ಕೊಳ್ಳಲಾರದವನು ನಿಂದೆಗೂ ಗುರಿಯಾಗುವುದಿಲ್ಲ, ಇಲ್ಲವೇ ಆಗುತ್ತಾನೆ. ಹಳ್ಳಿಯ ಮತದಾರನಿಗೆ ಅಂಥವನೊಬ್ಬನು ನಿಂತಿದ್ದನೆಂಬುದು ಮತಯಂತ್ರದ ಮುಂದೆ ನಿಂತಾಗ ಮೊದಲು ತಿಳಿಯುತ್ತದೆ.

7. ಉಪಾಧ್ಯಾಯರ ಪಾಲು

ಆದುದರಿಂದ ಈ ಕೆಲಸದ ಒಂದು ಪಾಲು ಪಾಠಶಾಲೆಗಳಿಗೂ ಕಾಲೇಜುಗಳಿಗೂ ಸೇರಿದ್ದು. ಅದಕ್ಕೆ ಹೆಚ್ಚಿನ ಸಾಮಗ್ರಿ ಬೇಡ. ಒಂದು ಕ್ಷೇತ್ರದಲ್ಲಿ ನಾಮಪತ್ರ ಸಲ್ಲಿಸಿದ ಎಲ್ಲರ ಪಟ್ಟಿಯು ಚುನಾವಣಾಧಿಕಾರಿಯ ಕಚೇರಿಯಿಂದ ಪ್ರಕಟವಾಗುತ್ತದೆ. ಆ ಪಟ್ಟಿಯನ್ನು ಮೊದಲು ಬರೆದುಕೊಂಡು, ಎರಡು ಮೂರು ಪತ್ರಿಕೆಗಳ ಸಂಚಿಕೆಗಳಲ್ಲಿ ಪ್ರತಿಯೊಬ್ಬನ ಹೆಸರು ಎಷ್ಟು ಸಲ, ಯಾವ ಪುಟದಲ್ಲಿ, ಯಾವ ಕ್ರಿಯಾಪದದೊಡನೆ ಬಂದಿತೆಂದು ಗುರುತಿಸಿದರೆ, ಮಾತು ಮಾತ್ರವಲ್ಲ, ಮೌನವೂ ಲೆಕ್ಕಕ್ಕೆ ಸಿಕ್ಕುತ್ತದೆ. ಓದುವಿಕೆಯಿಂದ ಕಾಣದ ಲೋಪವು ಪಟ್ಟಿಯ ಎದುರು ಹಿಡಿದಾಗ ಕಾಣುತ್ತದೆ. ಬೀದರ, ಭಾಲ್ಕಿ, ಔರಾದುಗಳಲ್ಲಿ ಕನ್ನಡ, ಮರಾಠಿ, ಉರ್ದು ಓದುವ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತಿರುವಾಗ ಈ ಹೋಲಿಕೆಯು ಇನ್ನೂ ಸಮಗ್ರವಾಗಬಲ್ಲದು.

ಅಭ್ಯಾಸದಲ್ಲಿ ಒಂದು ನಿಯಮವನ್ನು ಮಾತ್ರ ಬಿಡಬಾರದು. ಪರೀಕ್ಷಿಸುವವನು ತನಗೆ ಒಪ್ಪದ ಪತ್ರಿಕೆಯನ್ನಷ್ಟೇ ಅಲ್ಲ, ತಾನು ದಿನವೂ ಮೆಚ್ಚಿ ಓದುವ ಪತ್ರಿಕೆಯನ್ನೂ ಅದೇ ಅಳತೆಗೆ ಹಚ್ಚಬೇಕು. ಹಾಗೆ ಮಾಡದಿದ್ದರೆ ಇಬ್ಬಗೆಯ ಅಳತೆಯನ್ನು ಹುಡುಕಲು ಹೊರಟವನ ಕೈಯಲ್ಲಿಯೇ ಎರಡು ಅಳತೆಗಳು ಉಳಿಯುತ್ತವೆ. ಆಗ ಅವನ ದೂರಿಗೂ ಸೋತ ಉಮೇದುವಾರನ ದೂರಿಗೂ ಭೇದವಿರುವುದಿಲ್ಲ.